ಒಂದು ದಿನದಲ್ಲಿ ಹಾಸನ ಮುಗಿಯುವುದಿಲ್ಲ



ನಿಮ್ಮ ಶಾಲೆ ಅಥವಾ ಕಾಲೇಜಿನಿಂದ ಪ್ರವಾಸ ಹೊರಟಾಗ ಸೂಚನಾ ಫಲಕದಲ್ಲಿ ಹಚ್ಚುವ ಕಾಗದವನ್ನು ನೀವು ನೋಡಿಯೇ ಇರುತ್ತೀರಿ. 'ಬೆಳಿಗ್ಗೆ ಶ್ರವಣಬೆಳಗೊಳ, ಮಧ್ಯಾಹ್ನ ಹಳೇಬೀಡು, ಸಂಜೆ ಬೇಲೂರು, ರಾತ್ರಿ ವಾಪಸ್ಸು.' ನಾನು ಬಿ.ಎಸ್ಸಿ. ಓದುತ್ತಿದ್ದಾಗ ನಮಗೂ ಇದೇ ಕಾಗದ ಹಚ್ಚಿದ್ದರು. ಆ ಪ್ರವಾಸದಲ್ಲಿ ನನಗೆ ನೆನಪಿರುವುದು ಎರಡೇ ಸಂಗತಿ. ಒಂದು, ವಿಂಧ್ಯಗಿರಿಯ ಬಂಡೆಯ ಮೇಲೆ ಬರಿಗಾಲಿನಲ್ಲಿ ಮಧ್ಯಾಹ್ನ ಕುಣಿದ ಕುಣಿತ. ಇನ್ನೊಂದು, ಬಸ್ಸಿನಲ್ಲಿ ಬೆಳಗಿನವರೆಗೆ ಹಾಡಿದ ಅಂತ್ಯಾಕ್ಷರಿ. ಬೇಲೂರನ್ನು ನಾನು ನೋಡಿದ್ದೆನೇ? ಗುಂಪಿನ ಫೋಟೋದಲ್ಲಿ ನಿಂತಿದ್ದೇನೆ, ಆದ್ದರಿಂದ ನೋಡಿರಲೇಬೇಕು!

ಅನಂತರ ದೂರದರ್ಶನದ ಕೆಲಸಕ್ಕೆ ಸೇರಿ, ಕ್ಯಾಮೆರಾ ಹೊತ್ತವರ ಜೊತೆ ಅದೇ ಊರುಗಳಿಗೆ ಹತ್ತಾರು ಸಲ ಹೋದೆ. ಒಂದು ಕಂಬಕ್ಕೆ ಸರಿಯಾದ ಬೆಳಕು ಬೀಳಲಿ ಎಂದು ಮೂರು ಗಂಟೆ ಕಾಯುವ ಕೆಲಸ ನಮ್ಮದು. ಹಾಗೆ ಕಾಯುತ್ತಾ ಕುಳಿತಾಗ ಊರು ತಾನಾಗಿ ಕಾಣತೊಡಗಿತು. ಆ ಅನುಭವದಿಂದ ಕೆಲವು ಮಾತುಗಳನ್ನು ನಿಮ್ಮ ಮುಂದೆ ಇಡುತ್ತೇನೆ. ನೀವು ಬೀದರಿನವರಾಗಿರಬಹುದು, ಕಾರವಾರದವರಾಗಿರಬಹುದು. ಹಾಸನದವರೇ ಆಗಿದ್ದರಂತೂ ಇನ್ನೂ ಗಮನವಿಟ್ಟು ಕೇಳಿ. ಏಕೆಂದರೆ ಸ್ವಂತ ಊರನ್ನು ಪ್ರವಾಸಿಯ ಕಣ್ಣಿನಿಂದ ನೋಡಿದವರು ಬಹಳ ಕಡಿಮೆ.

ಮೊದಲನೆಯ ಮಾತು: ಹಾಸನದಲ್ಲಿ ಎರಡು ರಾತ್ರಿ ಉಳಿಯಿರಿ. ಹೆಚ್ಚಿನವರಿಗೆ ಹಾಸನವೆಂದರೆ ಬೇಲೂರಿಗೆ ಹೋಗುವ ದಾರಿಯಲ್ಲಿ ಮಲಗೆದ್ದು ಹೋಗುವ ಜಾಗ. ಅದು ಅನ್ಯಾಯ. ಬೆಳಿಗ್ಗೆ ಆರೂವರೆಗೆ ಎದ್ದು ಕಟ್ಟಿನಕೆರೆ ಮಾರುಕಟ್ಟೆಗೆ ಹೋಗಿ. ಅವರೆಕಾಯಿಯ ಕಾಲವಾದರೆ ಆ ವಾಸನೆಯೇ ನಿಮ್ಮನ್ನು ಕರೆದೊಯ್ಯುತ್ತದೆ. ಆಲೂಗೆಡ್ಡೆ ಈ ಸೀಮೆಯ ಮುಖ್ಯ ಬೆಳೆ. ಮುಂಗಾರಿಗೆ ಮುನ್ನ ಬಿತ್ತನೆ ಗೆಡ್ಡೆ ಕೊಳ್ಳಲು ರೈತರು ಹಾಸನಕ್ಕೇ ಬರುತ್ತಾರೆ. ಅವರಲ್ಲಿ ಒಬ್ಬರನ್ನು 'ಈ ಸಲ ಹೇಗಿದೆ ಯಜಮಾನರೇ?' ಎಂದು ಕೇಳಿ ನೋಡಿ. ಅಂಗಮಾರಿ ರೋಗ, ಮಳೆ, ದರ ಎಲ್ಲವೂ ಐದು ನಿಮಿಷದಲ್ಲಿ ತಿಳಿಯುತ್ತದೆ. ಯಾವ ಮಾರ್ಗದರ್ಶಿ ಪುಸ್ತಕದಲ್ಲೂ ಇದು ಸಿಗುವುದಿಲ್ಲ.

ಊರಿಗೆ ಹೆಸರು ಕೊಟ್ಟ ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ, ದೀಪಾವಳಿಯ ಆಸುಪಾಸಿನ ಕೆಲವು ದಿನ ಮಾತ್ರ ತೆರೆಯುತ್ತದೆ. ಅಮ್ಮನವರ ರೂಪ ಇಲ್ಲಿ ಹುತ್ತದ ರೂಪ. ಆ ದಿನಗಳಲ್ಲಿ ಲಕ್ಷಗಟ್ಟಲೆ ಜನ ಬರುತ್ತಾರೆ. ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುವ ಶಕ್ತಿಯಿದ್ದರೆ ಬನ್ನಿ. ಇಲ್ಲವಾದರೆ ಗುಡಿ ಮುಚ್ಚಿರುವಾಗಲೇ ಬಂದು ಸುತ್ತಲಿನ ಹಳೆಯ ಬೀದಿಗಳಲ್ಲಿ ನಡೆಯಿರಿ. ಮುಚ್ಚಿದ ಬಾಗಿಲಿನ ಮುಂದೆಯೂ ಕೈಮುಗಿದು ಹೋಗುವವರನ್ನು ಕಾಣುವಿರಿ.

ಇದೇ ಊರಿನಲ್ಲಿ 1982ರಲ್ಲಿ ಇಸ್ರೋ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರ ಆರಂಭವಾಯಿತು. ಇನ್ಸಾಟ್ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಹಿಡಿದಿಡುವ ಕೆಲಸ ಇಲ್ಲಿಂದ ನಡೆಯುತ್ತದೆ. ವಿಜ್ಞಾನದ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ. ಭೂಸ್ಥಿರ ಉಪಗ್ರಹ ನಮ್ಮ ತಲೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿದೆ. ರೇಡಿಯೋ ಅಲೆ ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡುತ್ತದೆ. ಮೇಲೆ ಹೋಗಿ ಕೆಳಗೆ ಬರಲು ಸುಮಾರು ಕಾಲು ಸೆಕೆಂಡು. ನೇರ ಪ್ರಸಾರದಲ್ಲಿ ದೂರದ ವರದಿಗಾರ ಪ್ರಶ್ನೆ ಕೇಳಿಸಿಕೊಂಡು ಒಂದು ಕ್ಷಣ ಸುಮ್ಮನೆ ನಿಲ್ಲುವುದಕ್ಕೆ ಈ ದೂರವೂ ಒಂದು ಕಾರಣ, ಪಾಪ, ಅವನಿಗೆ ಉತ್ತರ ಗೊತ್ತಿಲ್ಲವೆಂದಲ್ಲ! ಕೇಂದ್ರದೊಳಕ್ಕೆ ಯಾರು ಬೇಕಾದರೂ ನುಗ್ಗುವಂತಿಲ್ಲ. ನಿಮ್ಮ ಕಾಲೇಜಿನ ಮೂಲಕ ಮೊದಲೇ ಬರೆದು ಅನುಮತಿ ಕೇಳಬೇಕು. ಹುತ್ತದ ದೇವಿಯೂ ಆಕಾಶ ನೋಡುವ ತಟ್ಟೆಗಳೂ ಒಂದೇ ಊರಿನಲ್ಲಿರುವುದು ನನಗಂತೂ ಬಹಳ ಇಷ್ಟವಾದ ಸಂಗತಿ.

ಇನ್ನು ಬೇಲೂರು, ಹಳೇಬೀಡು. 1117ರಲ್ಲಿ ಬೇಲೂರಿನ ಗುಡಿ ಪ್ರತಿಷ್ಠೆಯಾಯಿತು, ಹಳೇಬೀಡಿನ ಹೊಯ್ಸಳೇಶ್ವರದ ಕೆಲಸ ಕೆಲವು ವರ್ಷಗಳ ಅನಂತರ ಆರಂಭವಾಯಿತು ಎಂಬುದನ್ನೆಲ್ಲ ನೀವು ಪಾಠದಲ್ಲಿ ಓದಿದ್ದೀರಿ. ಸೋಮನಾಥಪುರದೊಂದಿಗೆ ಇವು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹಳೇಬೀಡು ಆಗಿನ ದೋರಸಮುದ್ರ. ರಾಜಧಾನಿ, ಕೋಟೆ, ದೊಡ್ಡ ಕೆರೆ, ಬಸದಿಗಳು ಎಲ್ಲ ಸೇರಿ ಏಷ್ಯಾದ ಗಿಜಿಗುಡುವ ನಗರಗಳಲ್ಲಿ ಅದೂ ಒಂದಾಗಿತ್ತು. 1311ರಲ್ಲಿ ಮಲಿಕ್ ಕಾಫರನ ದಂಡು ಬಂದದ್ದೂ ಆ ಸಂಪತ್ತಿಗಾಗಿಯೇ. ಗುಡಿಯೊಂದನ್ನೇ ನೋಡಿ ಬಸ್ಸು ಹತ್ತಬೇಡಿ. ಬಸ್ತಿಹಳ್ಳಿಯ ಬಸದಿಗಳವರೆಗೆ ನಡೆದು ಹೋಗಿ, ಪಾರ್ಶ್ವನಾಥ ಬಸದಿಯ ನುಣುಪಾದ ಕಂಬದಲ್ಲಿ ನಿಮ್ಮ ಮುಖ ನೋಡಿಕೊಳ್ಳಿ. ಅಲ್ಲಿ ಹೆಚ್ಚು ಜನ ಇರುವುದಿಲ್ಲ.

ಬೆಳಕಿನ ವಿಷಯ ಹೇಳಲೇಬೇಕು, ಏಕೆಂದರೆ ಅದು ನನ್ನ ಕಸುಬು. ಹೊಯ್ಸಳೇಶ್ವರದ ಬಾಗಿಲು ಪೂರ್ವಕ್ಕೆ; ಆದರೆ ಮೈತುಂಬ ದೇವತೆಗಳಿರುವ ಪ್ರಸಿದ್ಧ ಗೋಡೆ ಹಿಂಬದಿಯ ಪಶ್ಚಿಮದ್ದು. ಬೆಳಿಗ್ಗೆ ಹೋದರೆ ಅದು ನೆರಳಿನಲ್ಲಿ ಚಪ್ಪಟೆಯಾಗಿ ಕಾಣುತ್ತದೆ. ನಡುಮಧ್ಯಾಹ್ನ ಬಿಸಿಲು ನೆತ್ತಿಯ ಮೇಲಿರುತ್ತದೆ. ಮೂರೂವರೆಯ ಅನಂತರ ಸೂರ್ಯ ಓರೆಯಾದಾಗ ಬನ್ನಿ. ಒಂದೊಂದು ಬೆರಳು, ಒಂದೊಂದು ಉಂಗುರ ಎದ್ದು ನಿಲ್ಲುತ್ತದೆ. ಒಳಗೆ ಹೋದ ಕೂಡಲೇ ಮೊಬೈಲಿನ ದೀಪ ಹಾಕಬೇಡಿ. ಕತ್ತಲೆಗೆ ನಮ್ಮ ಕಣ್ಣು ಪೂರ್ತಿ ಒಗ್ಗಲು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಕು. ಜಾಲಂಧ್ರಗಳಿಂದ ಬರುವ ಬೆಳಕಿನಲ್ಲಿ ಸುಮ್ಮನೆ ಹತ್ತು ನಿಮಿಷ ಕುಳಿತರೂ ಸಾಕು, ಛಾವಣಿಯ ಭುವನೇಶ್ವರಿ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ.

ಮತ್ತೊಂದು ಮಾತು. ಈ ಗುಡಿಗಳು ಬಳಪದ ಕಲ್ಲಿನವು. ಭೂಮಿಯಿಂದ ತೆಗೆದಾಗ ಮೃದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಆದರೂ ಮೊಳೆಯಿಂದ ಗೀಚಿದರೆ ಗೀರು ಬೀಳುತ್ತದೆ. ಸಾವಿರ ಕೈಗಳ ಎಣ್ಣೆ, ಬೆವರು ತಾಗಿದರೆ ಕಪ್ಪಾಗುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ಗುಡಿಯಿದೆ. ಅದರ ಶಿಲ್ಪಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರು ಸಣ್ಣ ಅಕ್ಷರದಲ್ಲಿದೆ. ತಿಂಗಳುಗಟ್ಟಲೆ ಉಳಿ ಹಿಡಿದವರು ಅಷ್ಟು ಸಣ್ಣದಾಗಿ ಬರೆದುಕೊಂಡರು. ಐದು ನಿಮಿಷ ನೋಡಲು ಬಂದವರು ಅದಕ್ಕಿಂತ ದೊಡ್ಡದಾಗಿ ಕಲ್ಲಿನ ಮೇಲೆ ತಮ್ಮ ಹೆಸರು ಕೆತ್ತಿ ಹೋಗುವುದನ್ನು ಎಷ್ಟು ಕಡೆ ನೋಡಿಲ್ಲ! ನುಗ್ಗೇಹಳ್ಳಿಗೆ ಪ್ರವಾಸದ ಬಸ್ಸುಗಳು ಬರುವುದು ಕಡಿಮೆ. ಬೇಲೂರಿನಲ್ಲಿ ನೂಕುನುಗ್ಗಲಿನ ನಡುವೆ ಕಾಣದ್ದನ್ನು ಇಲ್ಲಿ ಮೂಗಿನ ಹತ್ತಿರ ನೋಡಬಹುದು.

ಚನ್ನರಾಯಪಟ್ಟಣಕ್ಕೆ ಬಂದ ಮೇಲೆ ಶ್ರವಣಬೆಳಗೊಳ ಹದಿಮೂರು ಕಿ.ಮೀ. ಅಷ್ಟೇ. ಹಾಸನದಿಂದ ನೇರ ಬಸ್ಸಿಗೆ ಕಾಯುವುದಕ್ಕಿಂತ ಇಲ್ಲಿ ಬಸ್ಸು ಬದಲಿಸುವುದು ಸಲೀಸು. ಬೆಟ್ಟವನ್ನು ಬೆಳಿಗ್ಗೆ ಎಂಟರೊಳಗೆ ಹತ್ತಿ ಮುಗಿಸಿ. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಅದೂ ಬರಿಗಾಲಿನಲ್ಲಿ. ಗ್ರಾನೈಟ್ ಬಂಡೆ ಹನ್ನೊಂದು ಗಂಟೆಗೆ ಕಾದ ಹೆಂಚಾಗುತ್ತದೆ. ನನ್ನ ಕುಣಿತದ ಕಥೆ ಆಗಲೇ ಹೇಳಿದೆನಲ್ಲ. ಗೊಮ್ಮಟನನ್ನು ನೋಡಿ ಇಳಿದವರು ಎದುರಿನ ಚಂದ್ರಗಿರಿಯನ್ನು ಬಿಟ್ಟುಬಿಡುತ್ತಾರೆ. ಅದು ಇದಕ್ಕಿಂತ ಹಳೆಯದು, ಬಂಡೆಯ ತುಂಬ ಶಾಸನಗಳು. ಅನ್ನ ನೀರು ಬಿಟ್ಟು ಪ್ರಾಣ ತ್ಯಜಿಸಿದವರ ನೆನಪು ಅಲ್ಲಿದೆ. ಅಲ್ಲಿ ಗಟ್ಟಿಯಾಗಿ ಕೂಗಾಡಬೇಡಿ.

ಹೊಳೆನರಸೀಪುರಕ್ಕೆ ಹೋಗುವವರಿಗೆ ಒಂದು ಎಚ್ಚರಿಕೆ. ಮೈಸೂರಿನ ಬಸ್ ನಿಲ್ದಾಣದಲ್ಲಿ ಬರೀ 'ನರಸೀಪುರ' ಎಂದು ಕೇಳಬೇಡಿ. ನಾನು ಹಾಗೆ ಕೇಳಿ, ಆರಾಮವಾಗಿ ಕಿಟಕಿ ಪಕ್ಕ ಕುಳಿತು, ವರುಣಾ ಊರು ಬಂದಾಗ ಅನುಮಾನವಾಗಿ ವಿಚಾರಿಸಿದರೆ ಅದು ತಿರುಮಕೂಡಲು ನರಸೀಪುರದ ಬಸ್ಸು! 'ಹೊಳೆ ಅಂತ ಸೇರಿಸಿ ಹೇಳ್ಬೇಕಲ್ವಾ ಸಾರ್?' ಎಂದು ನಿರ್ವಾಹಕರು ನಕ್ಕರು. ಆ ಹೊಳೆಯೇ ಹೇಮಾವತಿ. ಹಾಸನದಿಂದಾದರೆ ಮೈಸೂರು ಕಡೆಯ ಪ್ಯಾಸೆಂಜರ್ ರೈಲು ಹಿಡಿಯುವುದೇ ಚೆಂದ. ರಸ್ತೆಯಲ್ಲಿ ಹೋಗುವವರು ದಾರಿಯ ಮೊಸಳೆಯಲ್ಲಿ ಇಳಿದು ಜೋಡಿ ಗುಡಿಗಳನ್ನು ನೋಡಿ. ನಾಗೇಶ್ವರ, ಚನ್ನಕೇಶವ ಅಕ್ಕಪಕ್ಕದಲ್ಲಿ ಅಣ್ಣತಮ್ಮಂದಿರ ಮನೆಯಂತೆ ನಿಂತಿವೆ. ಊರಿನ ಲಕ್ಷ್ಮೀನರಸಿಂಹನ ಗುಡಿ, ನದಿಯ ದಡ, ವೇದಾಂತದ ಗ್ರಂಥಗಳನ್ನು ಕನ್ನಡಕ್ಕೆ ತಂದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ, ಇಷ್ಟಕ್ಕೆ ಅರ್ಧ ದಿನ ಸಾಕು. 1996ರಲ್ಲಿ ಪ್ರಧಾನಿಯಾದ ದೇವೇಗೌಡರ ಹುಟ್ಟೂರು ಹರದನಹಳ್ಳಿ ಇದೇ ತಾಲ್ಲೂಕಿನದು.

ಅರಕಲಗೂಡಿನ ದಾರಿ ಗೊರೂರಿನ ಮೇಲೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಇಲ್ಲಿಯವರು. ಹಳ್ಳಿಯ ಚಿತ್ರ ಬರೆದವರು ವಯಸ್ಸಾದ ಮೇಲೆ ಅಮೆರಿಕೆಗೆ ಹೋಗಿ ಬಂದು ಬರೆದ 'ಅಮೆರಿಕಾದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರವಾಸ ಹೊರಡುವ ಮೊದಲು ಗ್ರಂಥಾಲಯದಿಂದ ತಂದು ಓದಿ. ಹೊಸ ದೇಶ ನೋಡುವಾಗ ತನ್ನ ಊರನ್ನು ಜೇಬಿನಲ್ಲಿಟ್ಟುಕೊಂಡು ಹೋದವರು ಅವರು.

ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಅದರ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಚರ್ಚು ನಿಂತಿದೆ. 19ನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಬಯಲಿನಲ್ಲಿ ನಿಲ್ಲುತ್ತದೆ. ಫೋಟೋಗಳಿಂದ ಅದು ಬಹಳ ಪ್ರಸಿದ್ಧವಾಯಿತು. ನಾವೂ ಚಿತ್ರೀಕರಣಕ್ಕೆ ಹೋದೆವು. ಕಮಾನು, ನೀರು, ಹಕ್ಕಿ, ಮುಳುಗುವ ಸೂರ್ಯ, ನಮಗೆ ಸಂತೋಷವೋ ಸಂತೋಷ. ದನ ಮೇಯಿಸಲು ಬಂದ ಅಜ್ಜಿಯೊಬ್ಬರು ನಮ್ಮನ್ನೇ ನೋಡುತ್ತಾ ನಿಂತಿದ್ದರು. 'ನಿಮ್ಮ ಊರು ಯಾವುದಜ್ಜಿ?' ಎಂದೆ. ಅವರು ನೀರಿನ ಕಡೆಗೆ ಕೈ ತೋರಿಸಿದರು. 'ಫೋಟೋದಾಗೆ ಚರ್ಚು ಬತ್ತದೆ ಕಣಪ್ಪ, ನಮ್ಮನೆ ಬರಾಕಿಲ್ಲ' ಎಂದರು.

ಅಂದು ಆಮೇಲೆ ನಾವು ಕ್ಯಾಮೆರಾ ತೆಗೆಯಲಿಲ್ಲ. ಅಜ್ಜಿಯ ಹಿಂದೆ ನಡೆದೆವು. ಯಾವ ಕಡೆ ಗದ್ದೆಯಿತ್ತು, ಎಲ್ಲಿ ಬಾವಿಯಿತ್ತು, ಮದುವೆಯಾಗಿ ಬಂದಾಗ ಯಾವ ದಾರಿಯಲ್ಲಿ ಬಂದರು ಎಂದು ಕೋಲಿನಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದರು. ಅಣೆಕಟ್ಟು ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ. ಆ ನೀರಿನಿಂದ ಎಷ್ಟೋ ಹೊಲ ಹಸಿರಾಗಿವೆ. ಅಜ್ಜಿಯೂ ಹಾಗೆ ಹೇಳಲಿಲ್ಲ. ಆದರೆ ಅವರನ್ನು ಕೇಳದೆ ಬಂದಿದ್ದರೆ ನಾನು ಒಂದು ಒಳ್ಳೆಯ ಸೂರ್ಯಾಸ್ತ ತಂದಿರುತ್ತಿದ್ದೆ, ಅಷ್ಟೇ. ಈಚಿನ ವರ್ಷಗಳಲ್ಲಿ ಚರ್ಚಿನ ಕೆಲವು ಭಾಗ ಕುಸಿದಿವೆ. ದೂರದಿಂದ ನೋಡಿ. ಗೋಡೆ ಹತ್ತುವುದು, ಕಮಾನಿನ ಕೆಳಗೆ ನಿಂತು ಸೆಲ್ಫಿ ತೆಗೆಯುವುದು ಎರಡೂ ಬೇಡ.

ಪ್ರವಾಸಿಗಳ ಕಾಟ ಹಾಸನಕ್ಕಷ್ಟೇ ಅಲ್ಲ. ಜಪಾನಿನ ಕ್ಯೋಟೋ ನಗರದಲ್ಲಿ ಗೇಯ್ಷಾ ಕಲಾವಿದೆಯರ ಬೆನ್ನು ಹತ್ತಿ ಫೋಟೋ ತೆಗೆಯುವವರು ಎಷ್ಟು ಹೆಚ್ಚಿದರೆಂದರೆ, 2024ರಲ್ಲಿ ಗಿಯೋನ್ ಬಡಾವಣೆಯ ಖಾಸಗಿ ಓಣಿಗಳಿಗೆ ಪ್ರವಾಸಿಗಳ ಪ್ರವೇಶವನ್ನೇ ನಿಷೇಧಿಸಿದರು. ಯಾರದಾದರೂ ಮುಖದ ಚಿತ್ರ ತೆಗೆಯುವ ಮುನ್ನ ಒಂದು ಮಾತು ಕೇಳುವುದಕ್ಕೆ ಎಷ್ಟು ಹೊತ್ತು ಬೇಕು?

ಅರಕಲಗೂಡು ತಾಲ್ಲೂಕಿನಲ್ಲಿ ನನಗೆ ಮೆಚ್ಚಿನ ಊರು ರುದ್ರಪಟ್ಟಣ. ಕಾವೇರಿ ದಡದ ಸಂಕೇತಿಗಳ ಊರು. ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣ ಸಹೋದರರು ಇಲ್ಲಿಂದ ಬಂದವರು. ಆರ್.ಕೆ. ಪದ್ಮನಾಭ ಅವರ ಪ್ರಯತ್ನದಿಂದ ತಂಬೂರಿಯ ಆಕಾರದ ಸಂಗೀತ ಮಂದಿರ ಅಲ್ಲಿ ಎದ್ದಿದೆ. ಸಮೀಪದ ರಾಮನಾಥಪುರದಲ್ಲಿ ರಾಮೇಶ್ವರನ ಗುಡಿ, ಸುಬ್ರಹ್ಮಣ್ಯನ ಷಷ್ಠಿ ಜಾತ್ರೆ, ಹೊಳೆಯಲ್ಲಿ ಕೈಗೆ ಸಿಗುವಷ್ಟು ಹತ್ತಿರ ಬರುವ ಮೀನುಗಳು. ಮೀನು ನೋಡಲು ಬಗ್ಗಿ ಪಾಚಿಯ ಮೇಲೆ ಕಾಲಿಟ್ಟು ನಮ್ಮ ತಂಡದ ಹುಡುಗನೊಬ್ಬ ಜಾರಿದ. ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಅಕ್ಕ ಅವನ ಅಂಗಿ ಹಿಡಿದೆಳೆಯದಿದ್ದರೆ ಇಂದು ಈ ಮಾತನ್ನು ಇಷ್ಟು ಹಗುರವಾಗಿ ಹೇಳಲು ಆಗುತ್ತಿರಲಿಲ್ಲ. ಮೇಲೆ ಶಾಂತವಾಗಿ ಕಾಣುವ ಕಾವೇರಿಗೆ ಬಂಡೆಗಳ ನಡುವೆ ಆಳವಾದ ಮಡುಗಳಿವೆ. ಊರಿನವರು ಇಳಿಯುವ ಜಾಗದಲ್ಲಿ ಮಾತ್ರ, ಮೊಣಕಾಲಿನವರೆಗೆ ಮಾತ್ರ. ಈಜು ಬರುತ್ತದೆ ಎನ್ನುವವರಿಗೂ ಇದೇ ಮಾತು.

ಖರ್ಚಿನ ಚಿಂತೆ ಬೇಡ. ಈ ನಾಲ್ಕು ಊರುಗಳಿಗೂ ಸಾರಿಗೆ ಸಂಸ್ಥೆಯ ಬಸ್ಸುಗಳಿವೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಗುರುತಿನ ಚೀಟಿ ಮರೆಯಬೇಡಿ. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು ಸಿಗುವ ಖಾನಾವಳಿ ಹುಡುಕಿ. ಹಳ್ಳಿಗಳಿಗೆ ಹೋದಾಗ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದನ್ನು ಇಳಿದ ಕೂಡಲೇ ನಿರ್ವಾಹಕರನ್ನೇ ಕೇಳಿಟ್ಟುಕೊಳ್ಳಿ. ನುಗ್ಗೇಹಳ್ಳಿಯಲ್ಲಿ ಗುಡಿಯ ಬಾಗಿಲು ಹಾಕಿದ್ದರೆ ಹಿಂತಿರುಗಬೇಡಿ. ಪಕ್ಕದ ಮನೆಯಲ್ಲಿ ವಿಚಾರಿಸಿದರೆ ಅರ್ಚಕರು ಎಲ್ಲಿದ್ದಾರೆಂದು ಹೇಳುತ್ತಾರೆ. ಅವರು ಬರುವವರೆಗೆ ಜಗಲಿಯ ಮೇಲೆ ಕುಳಿತಿರಿ. ನಮಗೆ ಅಲ್ಲಿ ಒಂದು ಲೋಟ ಮಜ್ಜಿಗೆಯೂ ಸಿಕ್ಕಿತ್ತು.