ಗುಂಯ್, ಟಕಟಕ, ಕರಕರ: ಕಾರು ಏನು ಹೇಳುತ್ತಿದೆ?



ಅಡುಗೆ, ಆರೋಗ್ಯ, ಹೂಡಿಕೆ ಎಲ್ಲ ಆಯ್ತು, ಈ ಸಲ ಕಾರಿನ ಬಗ್ಗೆ ಮಾತಾಡು ಅಂದರು. ನಾನು ಮೆಕ್ಯಾನಿಕ್ ಅಲ್ಲ, ಸಾಫ್ಟ್‌ವೇರಿನವಳು. ನಮ್ಮ ಕೆಲಸದಲ್ಲಿ "ಏನೋ ಸರಿಯಿಲ್ಲ" ಅಂತ ಬರೆದು ಕಳಿಸಿದ ದೂರನ್ನು ಯಾರೂ ಮುಟ್ಟುವುದಿಲ್ಲ. ಯಾವಾಗ ಬಂತು, ಏನು ಮಾಡಿದಾಗ ಬಂತು, ಮತ್ತೆ ಮಾಡಿದರೆ ಮತ್ತೆ ಬರುತ್ತದೆಯೇ, ಇಷ್ಟು ಹೇಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಕಾರಿನ ಸದ್ದಿಗೂ ಅದೇ ಲೆಕ್ಕ.

ಗ್ಯಾರೇಜಿಗೆ ಹೋಗಿ "ಭೈಯ್ಯಾ, ಕುಛ್ ಆವಾಜ್ ಆ ರಹೀ ಹೈ" ಅಂದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಅವರು ಒಂದು ಸುತ್ತು ಓಡಿಸುವಾಗ ಸದ್ದು ಬರುವುದೇ ಇಲ್ಲ. ಇಲ್ಲವೇ ಮಾರುದ್ದದ ಎಸ್ಟಿಮೇಟ್ ಬರುತ್ತದೆ. ಆದರೆ ಕನ್ನಡದವರಾದ ನಮಗೆ ಒಂದು ಅನುಕೂಲ ಇದೆ. ಶಾಲೆಯಲ್ಲಿ ಅನುಕರಣಾವ್ಯಯ ಓದಿದ್ದೇವಲ್ಲ? ಗುಂಯ್, ಟಕಟಕ, ಕರಕರ, ದಡ್. ಕಾರಿನಲ್ಲಿ ಇವು ಒಂದೊಂದೂ ಒಂದೊಂದು ಭಾಗದ ಮಾತು.

ಗುಂಯ್‌ಯಿಂದ ಶುರು ಮಾಡೋಣ, ಯಾಕೆಂದರೆ ದುಡ್ಡು ಹೆಚ್ಚು ಪೋಲಾಗುವುದು ಇಲ್ಲೇ. ನಮ್ಮ ಸೊಸೈಟಿಯ ಗೆಳತಿಯೊಬ್ಬರ ಕಾರು ಡಿಎನ್‌ಡಿ ಮೇಲೆ 60 ದಾಟಿದರೆ ವಿಮಾನ ಹೊರಟ ಹಾಗೆ ಗುಂಯ್‌ಗುಡುತ್ತಿತ್ತು. ಒಂದು ವರ್ಕ್‌ಶಾಪಿನಲ್ಲಿ ನಾಲ್ಕೂ ಟೈರ್ ಬದಲಿಸಬೇಕು ಅಂದರು. ಸವೆದ ಟೈರೂ ಗುಂಯ್‌ಗುಡುತ್ತದೆ, ಸುಳ್ಳಲ್ಲ. ಆದರೆ ಟೈರಿನ ಸದ್ದು ರಸ್ತೆ ಬದಲಾದರೆ ಬದಲಾಗುತ್ತದೆ. ನುಣುಪಾದ ಡಾಂಬರಿನ ಮೇಲೆ ಒಂಥರ, ಕಾಂಕ್ರೀಟಿನ ಮೇಲೆ ಇನ್ನೊಂಥರ. ವೀಲ್ ಬೇರಿಂಗ್‌ಗೆ ರಸ್ತೆಯ ಗೊಡವೆ ಇಲ್ಲ. ಅದಕ್ಕೆ ಬೇಕಾದ್ದು ವೇಗ ಮತ್ತು ಭಾರ.

ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ನಾವಿಬ್ಬರೂ ಹೋದೆವು. ಮೊದಲು ಗೇರ್ ನ್ಯೂಟ್ರಲ್‌ಗೆ ತಂದರು. ಕೀ ಮಾತ್ರ ಮುಟ್ಟಬೇಡಿ, ಇಂಜಿನ್ ಆಫ್ ಆದರೆ ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕ್ ಗಟ್ಟಿಯಾಗುತ್ತದೆ. ಇಂಜಿನ್ ಸದ್ದು ಇಳಿಯಿತು, ಗುಂಯ್ ಹಾಗೇ ಇತ್ತು. ಅಂದರೆ ಅದು ಇಂಜಿನ್ನಿನದಲ್ಲ, ಚಕ್ರದ ಕಡೆಯದು. ಆಮೇಲೆ ಒಂದೇ ವೇಗದಲ್ಲಿ, ಲೇನ್ ಒಳಗೇ, ಸ್ಟೀರಿಂಗನ್ನು ಮೆಲ್ಲಗೆ ಬಲಕ್ಕೆ, ಎಡಕ್ಕೆ ತಿರುಗಿಸಿದರು. ಬಲಕ್ಕೆ ತಿರುಗಿಸಿದಾಗ ಸದ್ದು ಏರಿತು, ಎಡಕ್ಕೆ ತಿರುಗಿಸಿದಾಗ ಇಳಿಯಿತು. ಬಸ್ಸು ಬಲಕ್ಕೆ ತಿರುಗಿದರೆ ನಾವು ಎಡಕ್ಕೆ ವಾಲುತ್ತೇವಲ್ಲ, ಕಾರಿನ ಭಾರವೂ ಹಾಗೇ ಎಡಚಕ್ರಗಳ ಮೇಲೆ ಬೀಳುತ್ತದೆ. ಆದ್ದರಿಂದ ಅನುಮಾನ ಎಡಗಡೆಯ ಬೇರಿಂಗ್ ಮೇಲೆ. ಇಷ್ಟನ್ನು ಇನ್ನೊಂದು ಗ್ಯಾರೇಜಿನಲ್ಲಿ ಹೇಳಿದಾಗ ಆತ ತಕ್ಷಣ ಜಾಕ್ ಹಾಕಿದ. ಎಡ ಮುಂದಿನ ಚಕ್ರ ಕೈಯಲ್ಲಿ ತಿರುಗಿಸಿದರೆ ಮರಳು ಸಿಕ್ಕಿಕೊಂಡ ಹಾಗೆ ಗರಗರ. ಒಂದು ಬೇರಿಂಗ್ ಬದಲಾಯಿತು. ಟೈರುಗಳು ಅವೇ, ಇವತ್ತಿಗೂ ಓಡುತ್ತಿವೆ.

ಬೇರಿಂಗ್ ಕೆಡುವುದಕ್ಕೆ ನಮ್ಮೂರಿನಲ್ಲಿ ನೀರೂ ಒಂದು ಕಾರಣ. ಒಳಗೆ ಗ್ರೀಸ್ ಇದೆ, ಅದನ್ನು ಕಾಯಲು ಒಂದು ಸೀಲ್ ಇದೆ. ಚಕ್ರ ಮುಳುಗುವ ನೀರಿನಲ್ಲಿ ಓಡಿಸಿದರೆ ನೀರು ಸೀಲ್ ದಾಟಿ ಒಳಹೋಗಬಹುದು. 2023ರ ಜುಲೈ 13ರಂದು ಯಮುನೆ 208.66 ಮೀಟರಿಗೆ ಏರಿದ್ದು ನೆನಪಿದೆಯಲ್ಲ. ಮನೆ ಕಳೆದುಕೊಂಡವರು ಇಲ್ಲೇ ರಸ್ತೆ ಬದಿ ಟೆಂಟಿನಲ್ಲಿದ್ದರು, ಅದರ ಮುಂದೆ ಕಾರಿನ ಸದ್ದು ಯಾವ ಲೆಕ್ಕ! ಆದರೂ ನೀರಿನಲ್ಲಿ ಓಡಿಸಿದ ಕೆಲವು ವಾರಗಳ ನಂತರ ಗುಂಯ್ ಕೇಳಿದರೆ ಆ ನೀರನ್ನು ನೆನಪಿಸಿಕೊಳ್ಳಿ.

ಟಕಟಕ ಬೇರೆ. ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್, ಐ10 ಎಲ್ಲದರಲ್ಲೂ ಮುಂದಿನ ಚಕ್ರವೇ ಎಳೆಯುವುದು, ಮುಂದಿನ ಚಕ್ರವೇ ತಿರುಗುವುದು. ಎರಡೂ ಸಾಧ್ಯವಾಗುವುದು ಸಿವಿ ಜಾಯಿಂಟ್‌ನಿಂದ. ಅದರ ಮೇಲೆ ಮಡಿಕೆ ಮಡಿಕೆಯ ರಬ್ಬರ್ ಬೂಟ್ ಇರುತ್ತದೆ. ಅದು ಹರಿದರೆ ಗ್ರೀಸ್ ಹೊರಕ್ಕೆ, ದೂಳು ಒಳಕ್ಕೆ. ಬೇಸ್‌ಮೆಂಟ್ ಪಾರ್ಕಿಂಗಿನ ತಿರುವಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ಟಕ್ ಟಕ್ ಟಕ್ ಬಂದರೆ ಇದೇ. ಚಕ್ರದ ಒಳಬದಿಗೆ ಕಪ್ಪು ಗ್ರೀಸ್ ಎರಚಿದೆಯೇ ಅಂತ ಬಗ್ಗಿ ನೋಡಿ. ಸದ್ದು ಬರುವ ಮೊದಲೇ ಅದು ಕಂಡರೆ ಬೂಟ್ ಬದಲಿಸಿ, ಗ್ರೀಸ್ ತುಂಬಿದರೆ ಸಾಕಾಗಬಹುದು. ತಡ ಮಾಡಿದರೆ ಜಾಯಿಂಟೇ ಹೋಗುತ್ತದೆ. ಸ್ಪೀಡ್ ಬ್ರೇಕರ್ ಮೇಲೆ ಮಾತ್ರ ದಡ್ ಅನ್ನುವುದು ಬಹಳ ಸಲ ಸಸ್ಪೆನ್ಷನ್ನಿನ ಲಿಂಕ್ ರಾಡ್ ಅಥವಾ ಬುಷ್. ದೊಡ್ಡ ಖರ್ಚಿನದಲ್ಲ, ತೋರಿಸಿ.

ಇನ್ನು ಬ್ರೇಕು. ಮಳೆ ಬಂದ ಮರುದಿನ ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಕರಕರ ಅಂದು ನಿಂತುಹೋದರೆ ಅದು ಡಿಸ್ಕಿನ ಮೇಲಿನ ತೆಳು ತುಕ್ಕು, ಬಿಡಿ. ಕೀ ಅಂತ ಸಣ್ಣಗೆ ಕಿರುಚುತ್ತಲೇ ಇದ್ದರೆ ಪ್ಯಾಡ್ ಸವೆದಿರಬಹುದು. ಅನೇಕ ಪ್ಯಾಡುಗಳಲ್ಲಿ ಎಚ್ಚರಿಸಲೆಂದೇ ಒಂದು ಲೋಹದ ಪಟ್ಟಿ ಇಟ್ಟಿರುತ್ತಾರೆ. ಪ್ರತಿ ಬ್ರೇಕಿಗೂ ಕರಕರ ಅಂದರೆ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿದೆ, ಆ ಕಾರನ್ನು ಓಡಿಸಬೇಡಿ. ಅಂದ ಹಾಗೆ, 1888ರ ಆಗಸ್ಟಿನಲ್ಲಿ ಬರ್ಥಾ ಬೆಂಜ್ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳ ಜೊತೆ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಅವನ ಮೋಟಾರು ಗಾಡಿ ಓಡಿಸಿಕೊಂಡು ಹೋದಳು. ದಾರಿಯಲ್ಲಿ ಬ್ರೇಕಿನ ಮರದ ತುಂಡು ಸವೆದಾಗ ಚಪ್ಪಲಿ ಹೊಲಿಯುವವನ ಹತ್ತಿರ ಅದಕ್ಕೆ ತೊಗಲು ಹೊಡೆಸಿಕೊಂಡಳು. ನಮ್ಮ ಬ್ರೇಕ್ ಲೈನಿಂಗಿಗೆ ಅದೇ ಅಜ್ಜಿ. ಕಾರು ಗಂಡಸರ ವಿಷಯ ಅನ್ನುವವರಿಗೆ ಈ ಕಥೆ ಹೇಳಿ.

ಕೊನೆಯದಾಗಿ, ಎಲ್ಲಕ್ಕಿಂತ ಅಪಾಯದ್ದು. ಪಂಕ್ಚರ್ ಹಾಕಿಸಿದ ಮೇಲೆ ಅಥವಾ ಟೈರ್ ಬದಲಿಸಿದ ಮೇಲೆ ಚಕ್ರದ ಕಡೆಯಿಂದ ಲಟಲಟ ಅಂತ ಶುರುವಾಗಿ, ಸ್ಟೀರಿಂಗೋ ಸೀಟೋ ಅದುರಲು ಹತ್ತಿದರೆ ವೀಲ್ ನಟ್ ಸಡಿಲವಾಗಿರಬಹುದು. ಮೇರಠ್ ಎಕ್ಸ್‌ಪ್ರೆಸ್‌ವೇ ಮೇಲಿದ್ದರೂ "ಮನೆ ಹತ್ತಿರ ಇದೆ, ಹೋಗಿಬಿಡೋಣ" ಅನ್ನಬೇಡಿ, ಚಕ್ರವೇ ಕಳಚಿ ಹೋಗಬಹುದು. ಹಜಾರ್ಡ್ ಲೈಟ್ ಹಾಕಿ, ವೇಗ ಇಳಿಸಿ, ಎಡ ಅಂಚಿಗೆ ತಂದು ನಿಲ್ಲಿಸಿ. ಗಾಡಿಗಳು ಓಡುವ ಬದಿ ಇಳಿಯಬೇಡಿ. ಚಕ್ರ ಬಿಚ್ಚಿ ಹಾಕಿಸಿದಾಗಲೆಲ್ಲ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳು ಬಿಗಿ ಇವೆಯೇ ಅಂತ ಇನ್ನೊಮ್ಮೆ ನೋಡಿಸಿ. ಅದರ ಸ್ಪ್ಯಾನರ್ ನಿಮ್ಮ ಡಿಕ್ಕಿಯಲ್ಲಿ, ಸ್ಟೆಪ್ನಿಯ ಪಕ್ಕದಲ್ಲೇ ಇರುತ್ತದೆ. ಇವತ್ತು ಕಾರು ತಂದವರು ಹೋಗುವ ಮುಂಚೆ ಡಿಕ್ಕಿ ತೆಗೆದು ನೋಡಿ, ನಾನೂ ಕೆಳಗೆ ಬರುತ್ತೇನೆ.