ಪರದೇಶದಿಂದ ಮರಳಿದ ಇಂಗ್ಲಿಷ್ ಉಪಾಧ್ಯಾಯರೂ ನಾಡಿನ ಉದ್ಯೋಗವೂ

(ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಭಾಷಣ)

ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿದವರಲ್ಲಿ ಅನೇಕರು ಇಂದು ಪರದೇಶಗಳಲ್ಲಿರುವರು. ಅವರಲ್ಲಿ ಇಂಗ್ಲಿಷನ್ನು ಕಲಿಸುವುದಕ್ಕೆಂದು ಹೋದವರೂ ಉಂಟು. ಹೋಗುವಾಗ ಊರೆಲ್ಲ ಕೂಡಿ ಬೀಳ್ಕೊಡುವುದು. ಮರಳಿ ಬಂದಾಗ ಅವರಿಗೆ ಕೆಲಸ ಸಿಕ್ಕಿತೇ ಎಂದು ವಿಚಾರಿಸುವವರು ವಿರಳ. ಆದುದರಿಂದಲೇ ಈ ವಿಷಯವನ್ನು ನಾನು ಸಂತೋಷದಿಂದ ಒಪ್ಪಿಕೊಂಡೆನು.

ನಮ್ಮವರು ಉಪಾಧ್ಯಾಯ ವೃತ್ತಿಗಾಗಿ ಸಮುದ್ರ ದಾಟುವುದು ಹೊಸ ಸಂಗತಿಯಲ್ಲ. 1974ರಲ್ಲಿ ಪದಚ್ಯುತನಾದ ಹೈಲೆ ಸೆಲಾಸ್ಸಿ ಚಕ್ರವರ್ತಿಯ ಆಳಿಕೆಯಲ್ಲಿಯೇ ಇಥಿಯೋಪಿಯದ ಶಾಲೆಗಳಲ್ಲಿ ಭಾರತೀಯ ಉಪಾಧ್ಯಾಯರು ಬಹು ಸಂಖ್ಯೆಯಲ್ಲಿದ್ದರು. ಮುಂದೆ ಭೂತಾನಕ್ಕೂ ಮಾಲ್ದೀವಿಗೂ ನಮ್ಮವರು ಹೋದರು. ನಾನೂ ಇಥಿಯೋಪಿಯದ ಒಂದು ಉಪಾಧ್ಯಾಯ ತರಬೇತಿ ಕಾಲೇಜಿನಲ್ಲಿ ಒಂಬತ್ತು ವರ್ಷ ಇಂಗ್ಲಿಷ್ ಕಲಿಸಿದವನು. ಆ ದೇಶದಲ್ಲಿ 1994ರ ಶಿಕ್ಷಣನೀತಿಯ ಪ್ರಕಾರ ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿಯೂ, ಪ್ರೌಢಶಿಕ್ಷಣವು ಇಂಗ್ಲಿಷಿನಲ್ಲಿಯೂ ನಡೆಯತಕ್ಕದ್ದೆಂದು ಗೊತ್ತಾಯಿತು. ಅಲ್ಲಿಯ ಅಮ್ಹಾರಿಕ್ ಭಾಷೆಯ ಲಿಪಿಯನ್ನು ನೋಡಿದಾಗ ನನಗೆ ಅತ್ಯಾಶ್ಚರ್ಯವಾಯಿತು. ಒಂದೊಂದು ವ್ಯಂಜನಕ್ಕೂ ಸ್ವರಭೇದದಿಂದ ಏಳೇಳು ರೂಪಗಳು! ನಮ್ಮ ಕಾಗುಣಿತವನ್ನು ಬಾಯಿಪಾಠ ಮಾಡಿದ ಕನ್ನಡಿಗನಿಗೆ ಅದು ಪರಕೀಯವೆನಿಸುವುದಿಲ್ಲ. ಹಾಗೆ ಬರೆಯಲು ಕಲಿತ ಮಗುವಿಗೆ ಇಂಗ್ಲಿಷಿನ ಕಾಗುಣಿತವಿಲ್ಲದ ಬರವಣಿಗೆಯು ಎಷ್ಟು ದಿಗ್ಭ್ರಮೆಯನ್ನುಂಟುಮಾಡುವುದೆಂಬುದು ಅಲ್ಲಿಯೂ ಒಂದೇ, ಇಲ್ಲಿಯೂ ಒಂದೇ.

ಊರಿಗೆ ಮರಳಿದ ಮೇಲೆ ನಾನು ಮೊದಲು ಹೋದ ಸಂಸ್ಥೆಯ ಹೆಸರನ್ನು ಹೇಳುವುದು ಉಚಿತವಲ್ಲ. ಅಲ್ಲಿಯ ವ್ಯವಸ್ಥಾಪಕರು ನನ್ನ ಒಂಬತ್ತು ವರ್ಷಗಳ ಅನುಭವಪತ್ರವನ್ನು ಒಮ್ಮೆ ಮಗುಚಿ ನೋಡಿ, "ಬಿ.ಎಡ್. ಎಲ್ಲಿ, ಸ್ವಾಮಿ?" ಎಂದರು. ಇಲ್ಲವೆಂದೆನು. "ಹಾಗಾದರೆ ನೆಟ್ ಪರೀಕ್ಷೆ?" ಅದೂ ಇರಲಿಲ್ಲ. ಅವರು ಕಾಗದಗಳನ್ನು ಮರ್ಯಾದೆಯಿಂದಲೇ ಹಿಂದಕ್ಕೆ ಕೊಟ್ಟರು. ಮನೆಯಲ್ಲಿ ವೃದ್ಧರಾದ ತಂದೆತಾಯಿಗಳು, ಓದುವ ಮಕ್ಕಳಿಬ್ಬರು. ಕೂಡಿಟ್ಟ ಹಣವು ಎಷ್ಟು ದಿನ ಬಂದೀತು? ಇಂಥ ಪ್ರಸಂಗವು ನನ್ನೊಬ್ಬನದೇ ಅಲ್ಲವೆಂದು ತಿಳಿದೇ ಮುಂದಿನ ವಿವರಗಳನ್ನು ಹೇಳುತ್ತಿರುವೆನು.

ನಮ್ಮ ನಾಡಿನಲ್ಲಿ ಅರ್ಹತೆಯೆಂಬುದು ಕಾಗದದ ಮೂಲಕವೇ ಪ್ರವೇಶಿಸತಕ್ಕದ್ದು. 2009ರ ಶಿಕ್ಷಣ ಹಕ್ಕು ಕಾನೂನು 2010ರಲ್ಲಿ ಜಾರಿಗೆ ಬಂದ ತರುವಾಯ, ಒಂದರಿಂದ ಎಂಟನೆಯ ತರಗತಿಯವರೆಗೆ ಕಲಿಸುವವರಿಗೆ ಶಿಕ್ಷಕರ ಅರ್ಹತಾ ಪರೀಕ್ಷೆಯು ಕಡ್ಡಾಯವಾಯಿತು. ನೂರೈವತ್ತು ಪ್ರಶ್ನೆಗಳ ಈ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗದವರು ನೂರಕ್ಕೆ ಅರವತ್ತು ಅಂಕಗಳನ್ನು ಪಡೆಯಬೇಕು. ಒಮ್ಮೆ ಪಡೆದ ಪ್ರಮಾಣಪತ್ರವು ಏಳು ವರ್ಷ ಮಾತ್ರ ನಡೆಯುತ್ತಿದ್ದುದು 2021ರಿಂದ ಜೀವಾವಧಿಗೆ ಊರ್ಜಿತವಾಗಿದೆ. ಪರದೇಶಕ್ಕೆ ಹೋಗುವವರಿಗೆ ಇದೊಂದು ಉಪಕಾರವೇ ಸರಿ. ಪ್ರೌಢಶಾಲೆಗೆ ಪದವಿಯೊಡನೆ ಬಿ.ಎಡ್. ಬೇಕು. ಅದು ಒಂದು ವರ್ಷದ್ದಾಗಿದ್ದುದು 2015ರಿಂದ ಎರಡು ವರ್ಷಗಳ ವ್ಯಾಸಂಗವಾಗಿದೆ. ಕಾಲೇಜಿಗಾದರೆ ಎಂ.ಎ. ಪದವಿಯಲ್ಲಿ ನೂರಕ್ಕೆ ಐವತ್ತೈದು ಅಂಕಗಳೂ, ನೆಟ್ ಇಲ್ಲವೆ ನಮ್ಮ ರಾಜ್ಯದ ಕೆ-ಸೆಟ್ ಪರೀಕ್ಷೆಯೂ ಬೇಕು. ಅಧ್ಯಾಪಕ ಅರ್ಹತೆಗಾಗಿ ನೆಟ್ ಪರೀಕ್ಷೆಗೆ ಕುಳಿತುಕೊಳ್ಳುವವರಿಗೆ ವಯೋಮಿತಿಯಿಲ್ಲ. ನಾನು ತಲೆ ನರೆತ ಮೇಲೆ ನನ್ನ ಶಿಷ್ಯರ ವಯಸ್ಸಿನವರ ಮಧ್ಯೆ ಕುಳಿತು ಬರೆದೆನು, ನಾಚಿಕೆಯಾಗಲಿಲ್ಲ.

ಕೇಂಬ್ರಿಜಿನ ಸೆಲ್ಟಾ ಎಂಬ ಪ್ರಮಾಣಪತ್ರದ ವಿಷಯವಾಗಿ ತರುಣರು ಆಗಾಗ ಕೇಳುವರು. ಅದು ನೂರಿಪ್ಪತ್ತು ಗಂಟೆಗಳ ಶಿಕ್ಷಣ; ಅದರಲ್ಲಿ ಆರು ಗಂಟೆಗಳ ಕಾಲ ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಹೇಳಬೇಕು. ಪರದೇಶದ ಖಾಸಗಿ ಭಾಷಾಶಾಲೆಗಳಲ್ಲಿ ಅದಕ್ಕೆ ಬಹು ಮನ್ನಣೆಯಿದೆ. ಇಲ್ಲಿ ಅದು ಬಿ.ಎಡ್. ಪದವಿಗೆ ಬದಲಾಗಲಾರದು, ಆದರೆ ವಿದೇಶಕ್ಕೆ ಹೋಗುವವರ ಭಾಷಾಪರೀಕ್ಷೆಗಳಿಗೆ ಪಾಠ ಹೇಳುವ ಕೇಂದ್ರಗಳಲ್ಲಿ ಬೆಲೆ ಬರುವುದು. ಅಂಥ ಕೇಂದ್ರದಲ್ಲಿ ನಾನು ಎರಡು ವರ್ಷ ದುಡಿದೆನು. ಹೊಟ್ಟೆ ತುಂಬಿತು, ಮನಸ್ಸು ತುಂಬಲಿಲ್ಲ. ಇನ್ನು ಅತಿಥಿ ಶಿಕ್ಷಕ, ಅತಿಥಿ ಉಪನ್ಯಾಸಕರ ಹುದ್ದೆಗಳು. "ಅತಿಥಿ" ಎಂಬ ಶಬ್ದಕ್ಕೆ ನಮ್ಮ ಸಂಪ್ರದಾಯದಲ್ಲಿರುವ ಗೌರವವು ಆ ಗೌರವಧನದಲ್ಲಿ ಕಾಣಬರುವುದಿಲ್ಲವಾದರೂ, ಶಾಲೆಯ ಬಾಗಿಲನ್ನು ಒಳಗಿನಿಂದ ನೋಡಲು ಅದೊಂದು ದಾರಿ.

ಕೆಲಸವು ಇಲ್ಲವೇ ಇಲ್ಲವೆನ್ನುವಂತಿಲ್ಲ. 2007-08ರಿಂದ ನಮ್ಮ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷು ಒಂದು ವಿಷಯವಾಗಿ ಬಂದಿತು. 2019-20ರಲ್ಲಿ ಸುಮಾರು ಸಾವಿರ ಸರಕಾರಿ ಶಾಲೆಗಳಲ್ಲಿ ಆಂಗ್ಲಮಾಧ್ಯಮದ ವಿಭಾಗಗಳನ್ನೂ ತೆರೆದರು. ಈ ಮಾಧ್ಯಮದ ವಾದವನ್ನು ನಾನಿಲ್ಲಿ ಎತ್ತುವುದಿಲ್ಲ. ಕನ್ನಡದಲ್ಲಿ ಓದುವ ಹಳ್ಳಿಯ ಮಗುವಿಗೆ ಇಂಗ್ಲಿಷು "ದ್ವಿತೀಯ ಭಾಷೆ"ಯೆಂದೇ ಕಾಗದಗಳಲ್ಲಿ ಬರೆದಿರುವುದು. ಅದನ್ನು ದ್ವಿತೀಯ ಭಾಷೆಯೆಂದು ತಿಳಿದು ಕಲಿಸಬಲ್ಲವರೇ ಕಡಿಮೆ. ಪದ್ಯದ ಸಾರಾಂಶವನ್ನು ಬರೆಸಿ ಕಂಠಪಾಠ ಮಾಡಿಸುವುದೇ ಬೋಧನೆಯಾಗಿದೆ.

ಈ ಕಲೆಯ ಒಂದು ಪ್ರಸಿದ್ಧ ಪ್ರಯೋಗವು ನಮ್ಮ ಬೆಂಗಳೂರಿನ ಹೆಸರನ್ನೇ ಹೊತ್ತಿದೆಯೆಂಬುದು ನಮ್ಮಲ್ಲಿಯೇ ಹಲವರಿಗೆ ತಿಳಿಯದು. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ, 1963ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಮತ್ತು ಮದರಾಸಿನ ಬ್ರಿಟಿಷ್ ಕೌನ್ಸಿಲಿನ ನೆರವಿನಿಂದ ಇದನ್ನು ನಡೆಸಿದರು. ವ್ಯಾಕರಣದ ಪಟ್ಟಿಯನ್ನು ಬದಿಗಿರಿಸಿ, ಮಕ್ಕಳ ಕೈಗೆ ರೈಲುಗಳ ವೇಳಾಪಟ್ಟಿಯನ್ನೋ ಒಂದು ನಕ್ಷೆಯನ್ನೋ ಕೊಟ್ಟು, ಇಂಥ ಊರಿಗೆ ಇಷ್ಟು ಗಂಟೆಯೊಳಗೆ ಸೇರಲು ಯಾವ ಗಾಡಿಯನ್ನು ಹಿಡಿಯಬೇಕು ಎಂಬಂಥ ಸಮಸ್ಯೆಯನ್ನು ಇಂಗ್ಲಿಷಿನಲ್ಲಿಯೇ ಬಿಡಿಸಹೇಳುವುದು ಆ ಪದ್ಧತಿ. ಬುದ್ಧಿಯು ಅರ್ಥದಲ್ಲಿ ತೊಡಗಿದಾಗ ಭಾಷೆಯು ತಾನಾಗಿಯೇ ಒಳಗಿಳಿಯುವುದೆಂಬುದು ಅವರ ಅಭಿಪ್ರಾಯ. 1987ರಲ್ಲಿ ಅವರ ಗ್ರಂಥವು ಪ್ರಕಟವಾದ ಬಳಿಕ ಲೋಕದ ಅನೇಕ ಕಡೆಗಳಲ್ಲಿ ಅದರ ಚರ್ಚೆ ನಡೆಯಿತು. ನಾನು ಅದನ್ನು ಓದಿದುದು ಇಥಿಯೋಪಿಯದಲ್ಲಿ! ನನಗೆ ಈಗಿನ ಕೆಲಸ ದೊರೆತುದೂ ಇದರಿಂದಲೇ. ಮಾದರಿ ಪಾಠವನ್ನು ಹೇಳೆಂದಾಗ ನಾನು ಪಠ್ಯಪುಸ್ತಕವನ್ನು ಮುಟ್ಟದೆ, ತಾಲ್ಲೂಕಿನ ಬಸ್ಸುಗಳ ವೇಳಾಪಟ್ಟಿಯನ್ನು ಹಲಗೆಯ ಮೇಲೆ ಬರೆದೆನು. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು, ಮುರುಕು ಇಂಗ್ಲಿಷಿನಲ್ಲಿ, ಮೂರು ಗಂಟೆಯ ಬಸ್ಸು ಬರುವುದೇ ಇಲ್ಲವೆಂದು ವಾದಿಸಿದನು. ಪರೀಕ್ಷಕರೆಲ್ಲ ನಕ್ಕರು. ಆ ಹುಡುಗನು ಇಂಗ್ಲಿಷಿನಲ್ಲಿ ವಾದ ಮಾಡಿದನೆಂಬುದನ್ನು ಅವರು ಗಮನಿಸಿದರು.

ಮರಳಿ ಬಂದವನಿಗೆ ಇನ್ನೊಂದು ಬಂಡವಾಳವಿದೆ, ಅದು ಕನ್ನಡ. ನಮ್ಮ ಮಕ್ಕಳು ಶಬ್ದದ ಕೊನೆಗೆ ಉಕಾರವನ್ನು ಸೇರಿಸಿ ಬಸ್ಸು, ಕಾರು ಎನ್ನುವುದೇಕೆ, ಆದಿಯ ಎಕಾರಕ್ಕೆ ಯಕಾರವನ್ನು ಹಚ್ಚುವುದೇಕೆ, ಕ್ರಿಯಾಪದವನ್ನು ವಾಕ್ಯದ ಕಡೆಗೆ ನೂಕುವುದೇಕೆ ಎಂಬುದು ಕನ್ನಡ ಬಲ್ಲವನಿಗೆ ಮಾತ್ರ ತಿಳಿದೀತು. ಪರದೇಶದಲ್ಲಿ ನಾನು ಮಕ್ಕಳ ತಪ್ಪನ್ನು ಕಂಡೆನು. ಇಲ್ಲಿ ತಪ್ಪಿನ ಬೇರನ್ನು ಕಾಣಬಲ್ಲೆನು. ಸಂದರ್ಶನದಲ್ಲಿ ವಿದೇಶದ ಉಚ್ಚಾರಣೆಯನ್ನು ಪ್ರದರ್ಶಿಸುವುದಕ್ಕಿಂತ ಇದನ್ನು ಹೇಳುವುದು ಮೇಲು.

ಈಗ ಹೋಗಲಿರುವ ತರುಣರಿಗೆ ವಿಜ್ಞಾಪನೆಯೇನೆಂದರೆ, ಬಿ.ಎಡ್. ಪದವಿಯನ್ನೋ ಅರ್ಹತಾ ಪರೀಕ್ಷೆಯನ್ನೋ ಮುಗಿಸಿಕೊಂಡೇ ಹೊರಡಿರಿ. ಕಲಿಸಿದ ತರಗತಿ, ವಾರದ ಗಂಟೆಗಳು, ಸೇವೆಯ ಆರಂಭ ಮತ್ತು ಅಂತ್ಯದ ತಾರೀಖು ಇವೆಲ್ಲ ಸ್ಪಷ್ಟವಾಗಿರುವ ಅನುಭವಪತ್ರವನ್ನು ಆ ದೇಶವನ್ನು ಬಿಡುವ ಮುನ್ನವೇ ಮೊಹರಿನೊಡನೆ ಪಡೆಯಿರಿ. ಮರಳಿದ ಮೇಲೆ ಪತ್ರ ಬರೆದು ತರಿಸುವುದು ದುಸ್ಸಾಧ್ಯ. ನಮ್ಮ ಶಾಲೆಗಳು ಜೂನ್ ತಿಂಗಳ ಸುಮಾರಿಗೆ ಆರಂಭವಾಗುವುದರಿಂದ ಬೇಸಗೆಯ ಮೊದಲೇ ಊರಿನಲ್ಲಿರುವುದು ಕ್ಷೇಮ.

ಪ್ರಸಾದನಿಲಯದ ವಾಚನಾಲಯದಲ್ಲಿ ಪ್ರತಿ ಭಾನುವಾರ ಪ್ರಾತಃಕಾಲ ನಾನು ಇರುತ್ತೇನೆ. ಮರಳಿ ಬಂದವರು ತಮ್ಮ ಕಾಗದಗಳನ್ನು ತಂದರೆ ಕೂಡಿ ಕುಳಿತು ನೋಡೋಣ. ಅರ್ಜಿ ಬರೆಯಲು ಮೇಜೂ ಉಂಟು.