ಕರಿ ಹೊಗೆ, ಮಸಿ ಹಿಡಿದ ಪ್ಲಗ್ಗು



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದಲ್ಲಿ ಅಪ್ಪನ ಕಾಲದ ಅಂಬಾಸಡರನ್ನೋ ಫಿಯೆಟ್ಟನ್ನೋ ಮೊದಲ ಕಾಲದ ಮಾರುತಿಯನ್ನೋ ಮಾರಲು ಮನಸ್ಸು ಬಾರದೆ ಇಟ್ಟುಕೊಂಡವರು ಇದ್ದಾರೆ. ಅಂಥವರು ಗ್ಯಾರೇಜಿಗೆ ಬಂದು ಹೇಳುವ ಮಾತು ಹೆಚ್ಚಾಗಿ ಒಂದೇ: 'ಗಾಡಿ ಪೆಟ್ರೋಲ್ ಭಾಳ ಕುಡ್ಯಾಕ್ಹತ್ತೇತ್ರಿ, ಆವರೇಜ್ ಕೊಡವಲ್ದು, ಹಿಂದ ಕರಿ ಹೊಗಿ.' ಕೂಡಲೇ ಸ್ಕ್ರೂಡ್ರೈವರ್ ತಗೊಂಡು ಕಾರ್ಬೊರೇಟರಿನ ಸ್ಕ್ರೂ ತಿರುಗಿಸುವುದು ನಮ್ಮಲ್ಲಿ ರೂಢಿ. ಸ್ಕ್ರೂಗೆ ಕೈ ಹಾಕುವುದು ಕೊನೆಗೆ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆಂದು ತಿಳಿಯಲು ಗಾಳಿ-ಪೆಟ್ರೋಲ್ ಹದ ಮಾಡುವ ವಿದ್ಯೆಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಉರಿಯದ ಇಂಗಾಲ ಮಸಿಯಾಗಿ ಉಳಿಯುತ್ತದೆ. 1890ರ ದಶಕದಲ್ಲಿ ಜರ್ಮನಿಯ ಮೇಬಾಖ್, ಹಂಗೇರಿಯ ಬಾಂಕಿ ಮತ್ತು ಚೋಂಕಾ ಪೆಟ್ರೋಲನ್ನು ಸಣ್ಣ ರಂಧ್ರದಿಂದ ಗಾಳಿಗೆ ಸಿಂಪಡಿಸುವ ಕಾರ್ಬೊರೇಟರ್ ರೂಪಿಸಿದರು. ಅಲ್ಲಿಂದ ಮುಂದಿನದೆಲ್ಲ ಆ ರಂಧ್ರವನ್ನು ಹದ್ದುಬಸ್ತಿನಲ್ಲಿಡುವ ಪ್ರಯತ್ನವೇ.

ಇಂಗ್ಲೆಂಡಿನ ಸ್ಕಿನ್ನರ್ ಸಹೋದರರು 1905ರ ಸುಮಾರಿಗೆ ಎಸ್.ಯು. ಕಾರ್ಬೊರೇಟರ್ ತಂದರು. ಅವರದು ಪಾದರಕ್ಷೆ ವ್ಯಾಪಾರದ ಮನೆತನ. ಮೊದಲ ಮಾದರಿಗಳಲ್ಲಿ ಪಿಸ್ಟನ್ ಬದಲು ಚರ್ಮದ ತಿದಿಯೇ ಇತ್ತು. ನಮ್ಮ ಹಳೆಯ ಅಂಬಾಸಡರಿಗೆ ಬಂದದ್ದು ಈ ಎಸ್.ಯು. ಅದರಲ್ಲಿ ರೋಗ ಪತ್ತೆಗೆ ಒಂದು ಸೊಗಸಾದ ಉಪಾಯವಿದೆ. ಎಂಜಿನ್ ಬಿಸಿಯಾಗಿ ಸ್ಲೋದಲ್ಲಿ ಓಡುತ್ತಿರುವಾಗ ಒಳಗಿನ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ ಹಿಡಿಯಬೇಕು. ಓಟ ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚು. ಎಂಜಿನ್ ಬಂದ್ ಬಿದ್ದರೆ ಕಡಿಮೆ. ತುಸು ಏರಿ ಮತ್ತೆ ಇಳಿದರೆ ಹದ ಸರಿ.

ಫಿಯೆಟ್ ವಂಶದ ಪದ್ಮಿನಿಯಲ್ಲೂ ಆಮೇಲಿನ ಅಂಬಾಸಡರುಗಳಲ್ಲೂ ಕಂಡ ಸೋಲೆಕ್ಸ್ ಕಾರ್ಬೊರೇಟರ್ ಬೇರೆ ಜಾತಿಯದು. ಅದರ ಜೆಟ್ಟಿನ, ಅಂದರೆ ಪೆಟ್ರೋಲ್ ಹಾಯುವ ರಂಧ್ರವಿರುವ ಹಿತ್ತಾಳೆ ತುಂಡಿನ, ಮೇಲೆ ಸಂಖ್ಯೆ ಕೊರೆದಿರುತ್ತದೆ. 120 ಅಂದರೆ ರಂಧ್ರದ ಅಳತೆ 1.20 ಮಿಲಿಮೀಟರ್. ಕಸ ತೆಗೆಯುತ್ತೇನೆಂದು ತಂತಿ ತೂರಿಸಿ ತಿಕ್ಕಿ ಅದು 1.25 ಆಯಿತೆನ್ನಿ, ಪೆಟ್ರೋಲ್ ಹರಿಯುವ ದಾರಿ ಶೇಕಡಾ 8ಕ್ಕೂ ಹೆಚ್ಚು ಅಗಲವಾದಂತೆ. ಹಿತ್ತಾಳೆ ಮೆತ್ತನೆಯ ಲೋಹ. ಜೆಟ್ ಸ್ವಚ್ಛ ಮಾಡಲು ಗಾಳಿಯೊಂದೇ ಸಾಕು, ತಂತಿ ಬೇಡವೇ ಬೇಡ.

ಹಾಗಾದರೆ ಪರೀಕ್ಷೆ ಎಲ್ಲಿಂದ ಶುರು? ಪ್ಲಗ್ಗಿನಿಂದ. ಬೆಂಗಳೂರಿನ ಮೈಕೋ ಕಂಪನಿ 1951ರಲ್ಲಿ ಆರಂಭವಾದ ಮೇಲೆ ನಮ್ಮ ಗ್ಯಾರೇಜುಗಳಲ್ಲಿ ಮೈಕೋ ಪ್ಲಗ್ ಮನೆಮಾತಾಯಿತು. ಅದರ ಬಿಳಿ ಪಿಂಗಾಣಿಯ ತುದಿ ತಿಳಿ ಕಂದು ಬಣ್ಣದ್ದಿದ್ದರೆ ಚಿಂತೆಯಿಲ್ಲ. ಬೆರಳಿಗೆ ಒಣ ಮಸಿ ಹತ್ತಿದರೆ ಪೆಟ್ರೋಲ್ ಹೆಚ್ಚು. ಎಣ್ಣೆ ಜಿಡ್ಡು ಹತ್ತಿದರೆ ಅದು ಎಂಜಿನ್ನಿನ ಪಿಸ್ಟನ್ ರಿಂಗಿನ ತಂಟೆ, ಕಾರ್ಬೊರೇಟರಿನದಲ್ಲ. ಆದರೆ ಸವಣೂರಿನ ಪೇಟೆಯಲ್ಲಿ ಅರ್ಧ ತಾಸು ನಿಂತು ನಿಂತು ಬಂದ ಗಾಡಿಯ ಪ್ಲಗ್ ನೋಡಿ ತೀರ್ಪು ಕೊಡಬಾರದು. ಸ್ಲೋದಲ್ಲೇ ಓಡಿದರೆ ಒಳ್ಳೆಯ ಎಂಜಿನ್ನಿನ ಪ್ಲಗ್ಗಿಗೂ ಮಸಿ ಕೂರುತ್ತದೆ. ಶಿಗ್ಗಾಂವಿ ಕಡೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಕೆಲವು ಕಿಲೋಮೀಟರ್ ಓಡಿಸಿ, ಪಕ್ಕದ ಖಾಲಿ ರಸ್ತೆಗೆ ಇಳಿದು ತಕ್ಷಣ ಎಂಜಿನ್ ಬಂದ್ ಮಾಡಿ ಪ್ಲಗ್ ಬಿಚ್ಚಿ. ಆಗ ಅದು ನಿಜ ಹೇಳುತ್ತದೆ.

ಆಮೇಲೆ ಏರ್ ಫಿಲ್ಟರ್. ಬೇಸಿಗೆಯಲ್ಲಿ ಸವಣೂರು ಭಾಗದ ಎರೆಮಣ್ಣಿನ ಧೂಳು ಅದನ್ನು ಕಟ್ಟಿಹಾಕುತ್ತದೆ. ಫಿಲ್ಟರ್ ತೆಗೆದೊಡನೆ ಎಂಜಿನ್ ಹಗುರಾಗಿ ಓಡಿದರೆ ಅರ್ಧ ಕೆಲಸ ಮುಗಿಯಿತು. ಚೋಕಿಗೆ ಬಾಗಿಲಿರುವ ಗಾಡಿಯಾದರೆ, ಫಿಲ್ಟರ್ ತೆಗೆದ ಅದೇ ಬಾಯಿಯಿಂದ ಅದನ್ನೂ ನೋಡಿ. ಮಳೆಗಾಲದಲ್ಲಿ ಹಾನಗಲ್ಲಿನ ತೇವಕ್ಕೆ ಕೇಬಲ್ ತುಕ್ಕು ಹಿಡಿದು, ಡ್ಯಾಶ್‌ಬೋರ್ಡಿನ ಗುಂಡಿ ಪೂರ್ತಿ ಒಳಗೆ ಹೋದರೂ ಬಾಗಿಲು ಅರೆ ಮುಚ್ಚಿಯೇ ಉಳಿದಿರಬಹುದು. ಇವೆರಡೂ ಸರಿಯಿದ್ದರೆ ಮಾತ್ರ ಕಾರ್ಬೊರೇಟರ್ ಬಿಚ್ಚಿ. ಫ್ಲೋಟನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಗುಳುಗುಳು ಅಂದರೆ ಅದು ತೂತಾಗಿದೆ, ತೇಲುವುದಿಲ್ಲ, ಪೆಟ್ರೋಲ್ ಬರುವ ದಾರಿಯನ್ನು ನೀಡಲ್ ಮುಚ್ಚುವುದಿಲ್ಲ, ಓವರ್‌ಫ್ಲೋ ಆಗುತ್ತದೆ. ನೀಡಲ್ ತುದಿಯಲ್ಲಿ ಸವೆದ ಗೆರೆ ಕಂಡರೂ ಅದೇ ಕಥೆ. ಇಂಥ ಗಾಡಿಯಲ್ಲಿ ಸ್ಕ್ರೂ ಬಿಗಿದರೆ ಸ್ಲೋ ಮಾತ್ರ ಸರಿಹೋದಂತೆ ಕಾಣುತ್ತದೆ, ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಹೆಚ್ಚಿನ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿಯುತ್ತದೆ. ಡಿಪ್‌ಸ್ಟಿಕ್ ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ ತಡಮಾಡದೆ ಆಯಿಲ್ ಬದಲಿಸಿ.

ಹದ ಹಿಡಿಯುವ ಈ ಕೆಲಸ ಕ್ರಮೇಣ ಯಂತ್ರದ ಪಾಲಾಯಿತು. 1976ರಲ್ಲಿ ಬಾಷ್ ಕಂಪನಿಯ ಲ್ಯಾಂಬ್ಡಾ ಸೆನ್ಸರ್ ವೋಲ್ವೋ ಕಾರುಗಳಲ್ಲಿ ಬಂತು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅದೇ ಅಳೆಯತೊಡಗಿತು. ನಮ್ಮಲ್ಲಿ 2000ದ ಆಸುಪಾಸಿನಲ್ಲಿ ಕಾರ್ಬೊರೇಟರ್ ಬದಲು ಇಂಜೆಕ್ಷನ್ ಇರುವ ಗಾಡಿಗಳು ಹರಡಿದವು. 2000ದ ಫೆಬ್ರುವರಿಯಿಂದ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲ್ ಬಂದು ಪ್ಲಗ್ಗಿನ ಬಣ್ಣವೂ ಮಂದವಾಯಿತು.

ಈಗ ಇನ್ನೊಂದು ತಿರುವು. ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಸೇರುತ್ತಿದೆ.  ಈ ಮಿಶ್ರಣಕ್ಕೆ ಬೇಕಾದ ಗಾಳಿ ಕಡಿಮೆ, ಹದ ಸುಮಾರು 13.5ಕ್ಕೆ ಇಳಿಯುತ್ತದೆ. ಹಾಗಾಗಿ ಹಳೆಯ ಸೆಟ್ಟಿಂಗಿನ ಗಾಡಿ ಇದರಲ್ಲಿ ಪೆಟ್ರೋಲ್ ಕಡಿಮೆಯಾದಂತೆ ಓಡಬೇಕು. ಅಷ್ಟಾಗಿಯೂ ಕರಿ ಹೊಗೆ ಬರುತ್ತಿದ್ದರೆ ತಪ್ಪು ಇಂಧನದ್ದಲ್ಲ. ಫಿಲ್ಟರ್, ಚೋಕ್, ಫ್ಲೋಟ್, ನೀಡಲ್, ಜೆಟ್ ಇವುಗಳಲ್ಲೇ ಎಲ್ಲೋ ಇದೆ. ಪಿಕಪ್ ಇಲ್ಲವೆಂದು ಯಾರಾದರೂ ದೊಡ್ಡ ಜೆಟ್ ಹಾಕಿದ್ದಾರೋ ಎಂದೂ ಕೇಳಿ. ಎಥನಾಲಿಗೆ ಹಳೆಯ ರಬ್ಬರ್ ಪೈಪುಗಳು ಉಬ್ಬಿ ಬಿರಿಯುವುದುಂಟು, ಅವನ್ನೂ ಮುಟ್ಟಿ ನೋಡಿ. ಗ್ಯಾರೇಜಿಗೆ ಹೋದಾಗ ಬಿಚ್ಚಿದ ಪ್ಲಗ್ಗುಗಳನ್ನು ಒರೆಸದೆ ಸಾಲಾಗಿ ಇಡಲು ಮಿಸ್ತ್ರಿಗೆ ಹೇಳಿ. ಎಲ್ಲವೂ ಕರಿಯಾಗಿದ್ದರೆ ಕಾರ್ಬೊರೇಟರ್ ಕಡೆ ನೋಡಬೇಕು. ಒಂದೇ ಕರಿಯಾಗಿದ್ದರೆ ಮೊದಲು ಆ ಪ್ಲಗ್ಗು, ಅದರ ವೈರು.